ಹೊಸ ಆಮೆ ಪಳೆಯುಳಿಕೆ ಗುರುತಿಸುವುದು ಹೇಗೆ: ಕಲ್ಲಿನ ಪದರದಿಂದ ಹೆಸರಿನ ತನಕ

ಆಮೆ ಚಿಪ್ಪಿನ ಪಳೆಯುಳಿಕೆ ಸಿಕ್ಕಿದವರು ಮೊದಲು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: "ಇದು ಹೊಸ ಪ್ರಭೇದ ಅಲ್ವಾ?" ಕೆಲವರು ಹೆಸರನ್ನೂ ಯೋಚಿಸಿ ಇಟ್ಟುಕೊಂಡಿರುತ್ತಾರೆ. ಆದರೆ ಯಾವ ಪದರದಿಂದ ಬಂತು ಅಂತ ಕೇಳಿದರೆ ಗೊತ್ತಿರುವುದಿಲ್ಲ. ಚಿಪ್ಪಿನ ಮೇಲಿನ ಗೆರೆಗಳಲ್ಲಿ ಮೂಳೆಯ ಸಂದು ಯಾವುದು, ಬಿರುಕು ಯಾವುದು ಅಂದರೆ ಅದೂ ಗೊತ್ತಿಲ್ಲ. ಚಿಪ್ಪಿನ ಒಳಮೈಯ ಫೋಟೋ ಅಂತೂ ತೆಗೆದೇ ಇರುವುದಿಲ್ಲ. ಭೂವಿಜ್ಞಾನದ ವಿದ್ಯಾರ್ಥಿಗಳು, ಪ್ರಾಣಿಶಾಸ್ತ್ರದವರು, ಹವ್ಯಾಸಕ್ಕೆ ಕಲ್ಲು ಹುಡುಕುವವರು, ಎಲ್ಲರೂ ಎಡವುವುದು ಈ ಮೂರು ಕಡೆಯೇ.

ಇಲ್ಲಿ ಕೆಲಸದ ಅನುಕ್ರಮವೇ ಮುಖ್ಯ. ಹೆಸರು ಕಟ್ಟಕಡೆಗೆ ಬರುತ್ತದೆ. ಮೊದಲ ಪ್ರಯತ್ನ ಯಾವಾಗಲೂ "ಇದು ಹೊಸದಲ್ಲ" ಅಂತ ತೋರಿಸುವುದಕ್ಕೆ ಇರಬೇಕು. ಆ ಪ್ರಯತ್ನ ಪ್ರತಿ ಸಲ ಸೋತರೆ ಮಾತ್ರ ಅದು ಹೊಸದು. ಉದಾಹರಣೆಗಳನ್ನು ಆದಷ್ಟು ಭಾರತದ ಕ್ರಿಟೇಷಿಯಸ್ ಕಾಲದ, ಅಂದರೆ ಡೈನೋಸಾರ್ ಯುಗದ ಕೊನೆಯ ಭಾಗದ, ಆಮೆಗಳಿಂದಲೇ ತೆಗೆದುಕೊಂಡಿದ್ದೇನೆ. ನಮ್ಮಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ಮೊದಲು ಎದುರಿಸುವುದು ಅವುಗಳನ್ನೇ.

## ಕೈಯಲ್ಲಿ ಇರಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್, ಜಿಪಿಎಸ್ ಇರುವ ಫೋನ್, ದಿಕ್ಸೂಚಿ, ಅಳತೆ ಟೇಪು, ಫೋಟೋದಲ್ಲಿ ಪಕ್ಕಕ್ಕಿಡಲು ಸೆಂಟಿಮೀಟರ್ ಪಟ್ಟಿ, ಅಳಿಸಿಹೋಗದ ಪೆನ್ನು, ಮೆತ್ತನೆ ಬ್ರಷ್, ದಂತವೈದ್ಯರು ಬಳಸುವಂಥ ಸೂಜಿ, ಟಿಶ್ಯೂ ಪೇಪರ್, ಗೋಣಿಬಟ್ಟೆ, ಪ್ಲಾಸ್ಟರ್ ಆಫ್ ಪ್ಯಾರಿಸ್. ಮನೆಗೆ ಬಂದ ಮೇಲೆ ವರ್ನಿಯರ್ ಕ್ಯಾಲಿಪರ್, ಒಂದು ಟಾರ್ಚ್, ಟ್ರೇಸಿಂಗ್ ಹಾಳೆ, ಎರಡು ಬಣ್ಣದ ಪೆನ್ನು.

ಅಂಟಿನ ವಿಷಯದಲ್ಲಿ ಹುಷಾರಾಗಿರಿ. ಪಳೆಯುಳಿಕೆಗೆ ಪ್ಯಾರಾಲಾಯ್ಡ್ ಬಿ-72 ಅನ್ನುವ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಹಚ್ಚುತ್ತಾರೆ. ಬೇಡ ಅನ್ನಿಸಿದರೆ ಅಸಿಟೋನಿನಿಂದಲೇ ತೆಗೆಯಬಹುದು. ತಕ್ಷಣ ಅಂಟಿಕೊಳ್ಳುವ ಅಂಗಡಿ ಅಂಟನ್ನು ಸಂದಿಗೆ ಸುರಿದರೆ ಆ ಸಂದಿನ ಅಂಚನ್ನು ಮತ್ತೆ ಸರಿಯಾಗಿ ನೋಡುವುದು ತುಂಬಾ ಕಷ್ಟ. ಆ ಅಂಚೇ ನಿಮ್ಮ ಮುಖ್ಯ ಸಾಕ್ಷಿ ಅಂತ ಮುಂದೆ ಗೊತ್ತಾಗುತ್ತದೆ.

ಹೋಲಿಕೆಗೆ ಈಗಿನ ಆಮೆಯ ಅಸ್ಥಿಪಂಜರವೂ ಬೇಕು. ಆದರೆ ಕೆರೆ ದಂಡೆಯಲ್ಲಿ ಬಿದ್ದ ಚಿಪ್ಪನ್ನು ಮನೆಗೆ ತರಬೇಡಿ. ನಮ್ಮ ಕೆರೆಗಳಲ್ಲಿರುವ ಮೆತ್ತನೆ ಚಿಪ್ಪಿನ ಆಮೆ, ನಕ್ಷತ್ರ ಆಮೆ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಸತ್ತ ಪ್ರಾಣಿಯ ಚಿಪ್ಪು ಇಟ್ಟುಕೊಂಡರೂ ಕೇಸಾಗುತ್ತದೆ. ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲೋ ಮ್ಯೂಸಿಯಮ್ಮಿನಲ್ಲೋ ಅನುಮತಿ ಕೇಳಿ ಕೂತು ನೋಡಿ.

## ಹಂತ 1: ಜಾಗ ಬಿಟ್ಟು ಕದಲಿಸುವ ಮುಂಚೆ

ಜಮೀನು ಯಾರದ್ದೋ ಅವರ ಒಪ್ಪಿಗೆ ಮೊದಲು. ಕಾಡಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬರೀ ಬಾಯಿಮಾತು ಸಾಲದು, ಬರಹದಲ್ಲಿ ಇರಲಿ. ಮುಂದೆ ಲೇಖನ ಪ್ರಕಟಿಸುವಾಗ ಪತ್ರಿಕೆಯವರು ಇದನ್ನು ಕೇಳುತ್ತಾರೆ.

ಆಮೇಲೆ ಫೋಟೋ. ದೂರದಿಂದ ಇಡೀ ಗುಡ್ಡದ್ದು ಒಂದು, ಪದರ ಕಾಣುವ ಹಾಗೆ ಒಂದು, ಹತ್ತಿರದಿಂದ ಅಳತೆ ಪಟ್ಟಿ ಇಟ್ಟು ಹಲವು. ಚಿಪ್ಪು ಬೆನ್ನು ಮೇಲಾಗಿ ಬಿದ್ದಿದೆಯೋ ಹೊಟ್ಟೆ ಮೇಲಾಗಿಯೋ, ತಲೆಯ ಕಡೆ ಯಾವ ದಿಕ್ಕಿಗಿದೆ, ಕಲ್ಲು ಮರಳುಗಲ್ಲೋ ಜೇಡಿಗಲ್ಲೋ, ಪದರದ ದಪ್ಪ ಎಷ್ಟು, ಅದರ ಮೇಲೆ ಕೆಳಗೆ ಏನಿದೆ, ಎಲ್ಲ ಬರೆದುಕೊಳ್ಳಿ. ಚಿಪ್ಪಿನ ಸುತ್ತಲಿನ ಕಲ್ಲನ್ನು ಒಂದೆರಡು ಕೆಜಿ ಚೀಲದಲ್ಲಿ ತುಂಬಿ ಜೊತೆಗೇ ಸಂಖ್ಯೆ ಹಾಕಿ. ಅದರಲ್ಲಿರುವ ಪರಾಗ, ಸಣ್ಣ ಸೀಗಡಿ ಜಾತಿಯ ಚಿಪ್ಪು, ಮೀನಿನ ಹಲ್ಲು ಇವೇ ಪದರದ ವಯಸ್ಸು ಹೇಳುವುದು. ಆಮೆ ತನ್ನ ವಯಸ್ಸನ್ನು ತಾನೇ ಹೇಳುವುದು ಕಮ್ಮಿ.

ಪದರದಿಂದ ಕಳಚಿ ಹಳ್ಳಕ್ಕೆ ಉರುಳಿದ ತುಂಡಾದರೆ ಹಾಗಂತಲೇ ಬರೆಯಿರಿ. "ಪಕ್ಕದ ಗುಡ್ಡದ್ದೇ ಇರಬೇಕು" ಅಂತ ಊಹಿಸಿ ವಯಸ್ಸು ಅಂಟಿಸಬೇಡಿ.

ಎಲ್ಲಿ ಹುಡುಕುವುದು ಅಂತ ಕರ್ನಾಟಕದ ಓದುಗರು ಕೇಳುತ್ತಾರೆ, ಅವರಿಗೆ ಒಂದು ಮಾತು. ನಮ್ಮ ರಾಜ್ಯದ ಬಹುಪಾಲು ಕಲ್ಲು ಆಮೆಗಳು ಹುಟ್ಟುವ ಎಷ್ಟೋ ಮುಂಚಿನದು. ಧಾರವಾಡದ ಶಿಲೆಗಳಲ್ಲಿ, ಕಲಾದಗಿ, ಭೀಮಾ ಸುಣ್ಣಕಲ್ಲಿನಲ್ಲಿ ಆಮೆ ಹುಡುಕಿ ಪ್ರಯೋಜನವಿಲ್ಲ. ಉತ್ತರದಲ್ಲಿ ಡೆಕ್ಕನ್ ಲಾವಾ ಹರಿದ ಕಡೆ, ಎರಡು ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಕೆರೆ ಕೆಸರಿನ ತೆಳು ಪದರಗಳು ಬೇರೆ ಮಾತು. ಗುರುಮಠಕಲ್ ಬಳಿ ಅಂಥ ಪದರಗಳಲ್ಲಿ ಸಣ್ಣ ಜೀವಿಗಳ ಪಳೆಯುಳಿಕೆ ಸಿಕ್ಕಿವೆ.

## ಹಂತ 2: ತೊಳೆಯುವುದು, ಗಟ್ಟಿ ಮಾಡುವುದು

ಟಿಶ್ಯೂ ಪೇಪರನ್ನು ಒದ್ದೆ ಮಾಡಿ ಹೊದಿಸಿ, ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿ ಪಟ್ಟಿ ಸುತ್ತಿ, ಒಣಗಿದ ಮೇಲೆ ಮಗುಚಿ. ಕವಚದ ಮೇಲೆ ಸಂಖ್ಯೆ, ದಿನಾಂಕ, ಮೇಲ್ಮುಖ ಬಾಣ ಬರೆಯಲೇಬೇಕು.

ಇಡೀ ಚಿಪ್ಪು ಸಿಕ್ಕಿದರೆ ಒಳಗಿನ ಕಲ್ಲನ್ನು ಅವಸರದಲ್ಲಿ ಕೆತ್ತಬೇಡಿ. ಸೊಂಟದ ಮೂಳೆ, ಕಾಲು, ಕತ್ತಿನ ಮಣಿಮೂಳೆ, ಕೆಲವೊಮ್ಮೆ ತಲೆಬುರುಡೆಯೂ ಅದರೊಳಗೇ ಇರುತ್ತದೆ. ಸಾಧ್ಯವಾದರೆ ಮೊದಲು ಸಿಟಿ ಸ್ಕ್ಯಾನ್ ಮಾಡಿಸಿ. ಆಮ್ಲದಲ್ಲಿ ಅದ್ದುವ ಪ್ರಯೋಗ ಮನೆಯಲ್ಲಿ ಬೇಡವೇ ಬೇಡ.

## ಹಂತ 3: ಇದು ಆಮೆಯೇ ಹೌದಾ?

ಇಡೀ ಚಿಪ್ಪಾದರೆ ಅನುಮಾನವಿಲ್ಲ. ಆದರೆ ಸಿಗುವುದು ಸಾಮಾನ್ಯವಾಗಿ ಅಂಗೈಯಗಲದ ತುಂಡು. ಮೊಸಳೆಯ ಬೆನ್ನಿನ ಮೂಳೆಫಲಕಕ್ಕೂ ಆಮೆ ಚಿಪ್ಪಿನ ತುಂಡಿಗೂ ಎಷ್ಟೋ ಜನ ಮೋಸ ಹೋಗುತ್ತಾರೆ. ಎರಡರ ಮೇಲೂ ಗುಳಿಗಳಿರಬಹುದು, ಮೆತ್ತನೆ ಚಿಪ್ಪಿನ ಆಮೆಯ ಮೂಳೆಯಂತೂ ಪೂರ್ತಿ ಗುಳಿಗುಳಿ.

ತುಂಡನ್ನು ಮಗುಚಿ ಒಳಮೈ ನೋಡಿ. ಆಮೆಯ ಬೆನ್ನಚಿಪ್ಪಿನ ಪಕ್ಕದ ಫಲಕಗಳಿಗೆ ಕಾಸ್ಟಲ್ ಅನ್ನುತ್ತಾರೆ. ಅವು ಪಕ್ಕೆಲುಬು ಅಗಲವಾಗಿ ಆದವು. ಹಾಗಾಗಿ ಒಳಮೈಯಲ್ಲಿ ಉದ್ದಕ್ಕೂ ಪಕ್ಕೆಲುಬಿನ ಉಬ್ಬು ಕಾಣುತ್ತದೆ, ಒಂದು ತುದಿಯಲ್ಲಿ ಬೆನ್ನುಮೂಳೆಗೆ ಸೇರುವ ಕಡ್ಡಿಯಂಥ ತಲೆ ಇರುತ್ತದೆ. ಮೊಸಳೆ ಫಲಕದ ಒಳಮೈಯಲ್ಲಿ ಪಕ್ಕೆಲುಬು ಇರುವುದೇ ಇಲ್ಲ, ಮೇಲ್ಮೈಯಲ್ಲಿ ಅನೇಕ ಸಲ ನಡುವೆ ಏಣು ಎದ್ದಿರುತ್ತದೆ. ಮುರಿದ ಅಂಚನ್ನೂ ಲೆನ್ಸ್ ಹಿಡಿದು ನೋಡಿ. ಆಮೆಯಲ್ಲಿ ಸಾಮಾನ್ಯವಾಗಿ ಮೇಲೆ ಕೆಳಗೆ ಗಟ್ಟಿ ಪದರ, ನಡುವೆ ರಂಧ್ರ ತುಂಬಿದ ಪದರ.

ಉಲ್ಟಾ ತಪ್ಪೂ ಆಗುತ್ತದೆ. ಕೊಲಂಬಿಯಾದ ವಿಯಾ ದೆ ಲೇವಾದಲ್ಲಿ ಸಿಕ್ಕ ದುಂಡನೆಯ ಎರಡು ಸಣ್ಣ ಪಳೆಯುಳಿಕೆಗಳಿಗೆ 2003ರಲ್ಲಿ ಸ್ಫೀನೊಫಿಲ್ಲಮ್ ಅನ್ನುವ ಗಿಡದ ಹೊಸ ಪ್ರಭೇದ ಅಂತ ಹೆಸರಿಟ್ಟಿದ್ದರು. ಮೇಲಿನ ಗೆರೆಗಳು ಎಲೆಯ ನರಗಳಂತೆ ಕಂಡಿದ್ದವು. ಆದರೆ ಆ ಗಿಡದ ಗುಂಪು ಅಳಿದು ಹತ್ತು ಕೋಟಿ ವರ್ಷಕ್ಕೂ ಹೆಚ್ಚು ಕಳೆದ ಮೇಲೆ ಆ ಕಲ್ಲು ಉಂಟಾದದ್ದು. 2023ರಲ್ಲಿ ಮತ್ತೆ ನೋಡಿದಾಗ ಅವು ಕಡಲಾಮೆ ಮರಿಗಳ ಚಿಪ್ಪು ಅಂತ ಗೊತ್ತಾಯಿತು. ನರ ಅಂದುಕೊಂಡದ್ದು ಬೆಳೆಯುತ್ತಿದ್ದ ಮೂಳೆಯ ಗೆರೆ.

ಎಚ್ಚರಿಕೆ ಗಂಟೆ ಇಲ್ಲೇ ಇದೆ. ನೀವು ಗುರುತಿಸಿದ ಗುಂಪಿನ ಕಾಲಕ್ಕೂ ಕಲ್ಲಿನ ಕಾಲಕ್ಕೂ ಕೋಟಿಗಟ್ಟಲೆ ವರ್ಷದ ಅಂತರ ಬಂದರೆ "ಅದ್ಭುತ ಶೋಧ" ಅಂತ ಖುಷಿಪಡುವ ಮುಂಚೆ ಗುರುತಿಸಿದ್ದೇ ತಪ್ಪಿರಬಹುದಾ ಅಂತ ನೋಡಿ.

## ಹಂತ 4: ಎರಡು ಬಗೆಯ ಗೆರೆ

ಇಡೀ ಕೆಲಸದ ಹೃದಯ ಇದು. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಅದಕ್ಕೇ ಸ್ವಲ್ಪ ನಿಧಾನವಾಗಿ ಓದಿ.

ಆಮೆ ಚಿಪ್ಪಿಗೆ ಎರಡು ಹೊದಿಕೆ. ಕೆಳಗೆ ಮೂಳೆಯ ಫಲಕಗಳು. ಅವುಗಳ ಮೇಲೆ ಕೆರಾಟಿನ್ನಿನ ಹೊದಿಕೆ, ಅಂದರೆ ನಮ್ಮ ಉಗುರಿನಲ್ಲಿ ಇರುವಂಥದೇ ವಸ್ತು. ಈ ಮೇಲಿನ ತುಂಡುಗಳಿಗೆ ಸ್ಕ್ಯೂಟ್ ಅನ್ನುತ್ತಾರೆ. ಪಳೆಯುಳಿಕೆಯಲ್ಲಿ ಸ್ಕ್ಯೂಟ್ ಉಳಿಯುವುದು ತೀರ ಅಪರೂಪ. ಆದರೆ ಎರಡು ಸ್ಕ್ಯೂಟ್ ಸೇರುವ ಕಡೆ ಕೆಳಗಿನ ಮೂಳೆಯ ಮೇಲೆ ಒಂದು ತೋಡು ಬಿದ್ದಿರುತ್ತದೆ, ಅದು ಉಳಿಯುತ್ತದೆ. ಹಾಗಾಗಿ ಒಂದೇ ಮೂಳೆಯ ಮೇಲೆ ಎರಡು ಲೆಕ್ಕದ ಗೆರೆಗಳು: ಮೂಳೆ ಮೂಳೆ ಸೇರುವ ಬೆಸುಗೆ, ಸ್ಕ್ಯೂಟ್ ಸೇರಿದ್ದ ತೋಡು.

ಇವೆರಡೂ ಸಾಮಾನ್ಯವಾಗಿ ಒಂದರ ಮೇಲೊಂದು ಬೀಳುವುದಿಲ್ಲ. ಇಟ್ಟಿಗೆ ಗೋಡೆಯಲ್ಲಿ ಕೆಳಸಾಲಿನ ಸಂದು ಮೇಲುಸಾಲಿನ ಸಂದಿಗೆ ಸಿಗದ ಹಾಗೆ ಜೋಡಿಸುತ್ತಾರಲ್ಲ, ಹಾಗೆ. ಚಿಪ್ಪಿನ ಬಲಕ್ಕೆ ಅದೂ ಒಂದು ಕಾರಣ ಅನ್ನುತ್ತಾರೆ.

ಗುರುತು ಹಿಡಿಯುವುದು ಹೀಗೆ. ಬೆಸುಗೆ ಗೆರೆ ಗರಗಸದ ಹಲ್ಲಿನ ಹಾಗೆ ಅಂಕುಡೊಂಕು. ಮೂಳೆಯ ದಪ್ಪದುದ್ದಕ್ಕೂ ಇಳಿದಿರುತ್ತದೆ, ಒಳಮೈಯಲ್ಲೂ ಕಾಣುತ್ತದೆ. ಫಲಕ ಬಿಟ್ಟುಕೊಂಡಿದ್ದರೆ ಆ ಅಂಚಿನಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಸಣ್ಣ ಮುಳ್ಳುಗಳು ಕೈಗೆ ತಾಗುತ್ತವೆ. ತೋಡು ನಯವಾಗಿರುತ್ತದೆ, ತಳ ದುಂಡಗೆ, ಆಳ ಕಮ್ಮಿ. ಅದು ಹೊರಮೈಯಲ್ಲಿ ಮಾತ್ರ. ಹೊಟ್ಟೆಚಿಪ್ಪಿನ ಅಂಚು, ಬೆನ್ನಚಿಪ್ಪಿನ ಅಂಚುಗಳಲ್ಲಿ ಸ್ವಲ್ಪ ಒಳಗೆ ಮಡಚಿ ಹೋಗಬಹುದು, ಆದರೆ ಚಿಪ್ಪಿನ ಒಳಗಡೆ ನಡುಭಾಗಕ್ಕೆ ಬರುವುದಿಲ್ಲ. ಮೂರನೆಯದು ಬಿರುಕು. ಅದು ಯಾವ ನಿಯಮಕ್ಕೂ ಸಿಗದೆ ಬೆಸುಗೆಯನ್ನೂ ತೋಡನ್ನೂ ಕತ್ತರಿಸಿಕೊಂಡು ಹೋಗುತ್ತದೆ, ಅಂಚು ಚೂಪು, ಎಡಕ್ಕಿದ್ದದ್ದು ಬಲಕ್ಕೆ ಇರುವುದಿಲ್ಲ.

ಒಂದು ಕಾಸ್ಟಲ್ ಫಲಕವನ್ನು ಕೈಯಲ್ಲಿ ಹಿಡಿದು ನೋಡೋಣ. ಕಮಾನಿನ ಹಾಗೆ ಬಾಗಿದ ಉದ್ದನೆಯ ಪಟ್ಟಿ. ಉದ್ದದ ಎರಡೂ ಅಂಚು ಮುಳ್ಳುಮುಳ್ಳು, ಅದು ಬೆಸುಗೆ. ಮೇಲ್ಮೈಯ ನಡುವೆ ಒಂದು ನಯವಾದ ಗೀರು ಅಡ್ಡಕ್ಕೆ ಹೋಗಿ, ಬೆನ್ನುಮೂಳೆಯ ಕಡೆಗೆ ಕವಲೊಡೆದಿದೆ. ಹೊಸಬರು ಇದನ್ನೇ ಬೆಸುಗೆ ಅಂದುಕೊಂಡು ಒಂದು ಫಲಕವನ್ನು ಮೂರು ಮಾಡಿ ಎಣಿಸುತ್ತಾರೆ. ಮಗುಚಿದರೆ ಆ ಗೀರು ಒಳಗಡೆ ಇಲ್ಲವೇ ಇಲ್ಲ, ನಯವಾದ ಮೂಳೆಯ ಮೇಲೆ ಪಕ್ಕೆಲುಬಿನ ಉಬ್ಬು ಮಾತ್ರ. ಹಾಗಾದರೆ ಅದು ತೋಡು. ಕವಲು ಎಲ್ಲಿದೆಯೋ ಅಲ್ಲಿ ಮೂರು ಸ್ಕ್ಯೂಟ್ ಸೇರುತ್ತಿದ್ದವು.

ಮಾಡುವ ವಿಧಾನ: ಕೋಣೆ ಕತ್ತಲು ಮಾಡಿ. ಟಾರ್ಚನ್ನು ಚಿಪ್ಪಿನ ಮೇಲ್ಮೈಗೆ ಸವರುವ ಹಾಗೆ ಪಕ್ಕದಿಂದ ಹಿಡಿಯಿರಿ. ದಿಕ್ಕು ಬದಲಿಸಿ ಬದಲಿಸಿ ಹಿಡಿದರೆ ಹಗಲಿನಲ್ಲಿ ಕಾಣದ ತೋಡುಗಳು ನೆರಳಾಗಿ ಎದ್ದು ಬರುತ್ತವೆ. ಟ್ರೇಸಿಂಗ್ ಹಾಳೆಯ ಮೇಲೆ ಬೆಸುಗೆಗೆ ಕೆಂಪು, ತೋಡಿಗೆ ನೀಲಿ. ಕಂಡದ್ದಕ್ಕೆ ಪೂರ್ತಿ ಗೆರೆ, ಊಹಿಸಿದ್ದಕ್ಕೆ ಚುಕ್ಕಿ ಗೆರೆ. ಮುರಿದ ಕಡೆ ಗೀಟು ಹಾಕಿ ಬಿಡಿ. ಇನ್ನೊಬ್ಬರಿಂದ ನಿಮ್ಮ ಹಾಳೆ ನೋಡದೆಯೇ ಇದೇ ಕೆಲಸ ಮಾಡಿಸಿ, ಆಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ.

ಈಗ ಎಣಿಸಿ. ಬಹಳಷ್ಟು ಆಮೆಗಳಲ್ಲಿ ಬೆನ್ನಚಿಪ್ಪಿನ ಮೂಳೆಗಳು ಹೀಗಿರುತ್ತವೆ: ಮುಂದೆ ಒಂದು ನ್ಯೂಕಲ್, ನಡುಸಾಲಿನಲ್ಲಿ ಸುಮಾರು 8 ನ್ಯೂರಲ್, ಎರಡೂ ಪಕ್ಕ 8 ಜೊತೆ ಕಾಸ್ಟಲ್, ಅಂಚಿನಲ್ಲಿ 11 ಜೊತೆ ಪೆರಿಫೆರಲ್, ಹಿಂದೆ ಪೈಗಲ್. ಸ್ಕ್ಯೂಟ್ ಲೆಕ್ಕ ಬೇರೆ: ನಡುವೆ 5 ವರ್ಟೆಬ್ರಲ್, ಪಕ್ಕದಲ್ಲಿ 4 ಜೊತೆ ಪ್ಲೂರಲ್, ಅಂಚಿನಲ್ಲಿ 12 ಜೊತೆ ಮಾರ್ಜಿನಲ್. ನಿಮ್ಮ ಎಣಿಕೆ ಇದಕ್ಕಿಂತ ತೀರ ಬೇರೆ ಬಂದರೆ ಮೊದಲು ಗೆರೆಗಳನ್ನು ಕಲಸಿದ್ದೀರಾ ಅಂತ ನೋಡಿ. ನ್ಯೂರಲ್ಲುಗಳ ಆಕಾರವನ್ನೂ ಬರೆಯಿರಿ: ನಾಲ್ಕು ಮೂಲೆಯೋ ಆರೋ ಎಂಟೋ, ಚಿಕ್ಕ ಪಕ್ಕ ಮುಂದಕ್ಕಿದೆಯೋ ಹಿಂದಕ್ಕೋ.

ತೋಡೇ ಇಲ್ಲ, ಪೂರ್ತಿ ಗುಳಿ ಮಾತ್ರ ಅಂದರೆ ಮೆತ್ತನೆ ಚಿಪ್ಪಿನ ಆಮೆಯ ಕಡೆ ಅನುಮಾನ ಇಡಿ. ಅವುಗಳಿಗೆ ಸ್ಕ್ಯೂಟ್ ಇರುವುದಿಲ್ಲ. ಪ್ಲೂರಲ್ಲಿಗೂ ಮಾರ್ಜಿನಲ್ಲಿಗೂ ನಡುವಿನ ತೋಡು ಸರಿಯಾಗಿ ಕಾಸ್ಟಲ್-ಪೆರಿಫೆರಲ್ ಬೆಸುಗೆಯ ಮೇಲೇ ಬಿದ್ದಿದ್ದರೆ ಅದು ನೆಲದಾಮೆಗಳ ಕುಟುಂಬದ ಒಳ್ಳೆಯ ಗುರುತು. ನಕ್ಷತ್ರ ಆಮೆಯಲ್ಲಿ ಇದನ್ನು ಚೆನ್ನಾಗಿ ನೋಡಬಹುದು.

## ಹಂತ 5: ದೊಡ್ಡ ಗುಂಪು ಯಾವುದು?

ಈಗ ಬದುಕಿರುವ ಆಮೆಗಳಲ್ಲಿ ಎರಡು ದೊಡ್ಡ ಪಂಗಡ. ಕತ್ತನ್ನು ನೇರ ಹಿಂದಕ್ಕೆ ಎಳೆದುಕೊಳ್ಳುವ ಕ್ರಿಪ್ಟೊಡೈರಗಳು, ಪಕ್ಕಕ್ಕೆ ಮಡಚುವ ಪ್ಲೂರೊಡೈರಗಳು. ಇವತ್ತು ಭಾರತದಲ್ಲಿ ಪಕ್ಕಕ್ಕೆ ಮಡಚುವ ಆಮೆ ಒಂದೂ ಇಲ್ಲ. ಆದರೆ ಕ್ರಿಟೇಷಿಯಸ್ ಕೊನೆಯ ನಮ್ಮ ಕಲ್ಲುಗಳಲ್ಲಿ ಸಿಗುವ ಹೆಸರಾಂತ ಆಮೆಗಳು ಅವೇ. ಹಾಗಾಗಿ ಆ ಕಾಲದ ಚಿಪ್ಪನ್ನು ನಮ್ಮೂರ ಕೆರೆ ಆಮೆಗೆ ಮಾತ್ರ ಹೋಲಿಸಿ "ಯಾವುದಕ್ಕೂ ಹೊಂದುತ್ತಿಲ್ಲ, ಹೊಸದು" ಅನ್ನುವುದು ದೊಡ್ಡ ತಪ್ಪು. ಅದು ಹೊಂದದೇ ಇರುವುದೇ ಸಹಜ.

ಕತ್ತು ಸಿಗದಿದ್ದರೂ ಚಿಪ್ಪಿನಿಂದ ಹೇಳಬಹುದು. ಪ್ಲೂರೊಡೈರಗಳಲ್ಲಿ ಸೊಂಟದ ಮೂಳೆ ಮೇಲೂ ಕೆಳಗೂ ಚಿಪ್ಪಿಗೆ ಬೆಸೆದುಕೊಂಡಿರುತ್ತದೆ. ಸೊಂಟ ಕಳಚಿಹೋಗಿದ್ದರೂ ಹಿಂದಿನ ಕಾಸ್ಟಲ್ಲುಗಳ ಒಳಮೈಯಲ್ಲಿ, ಹೊಟ್ಟೆಚಿಪ್ಪಿನ ಕೊನೆಯ ಜೊತೆಯಾದ ಝಿಫಿಪ್ಲಾಸ್ಟ್ರನ್ನಿನ ಒಳಮೈಯಲ್ಲಿ ಒರಟಾದ ಕಲೆಗಳು ಉಳಿದಿರುತ್ತವೆ. ಒಳಮೈಯನ್ನು ಉಜ್ಜಿ ಉಜ್ಜಿ ತೊಳೆದರೆ ಕಳೆದುಕೊಳ್ಳುವುದು ಇದನ್ನೇ.

ತಲೆಬುರುಡೆ ಸಿಕ್ಕಿದರೆ ದವಡೆಯ ಸ್ನಾಯು ಯಾವುದರ ಮೇಲೆ ಹಾದು ತಿರುಗುತ್ತದೆ ನೋಡಿ. ಕ್ರಿಪ್ಟೊಡೈರಗಳಲ್ಲಿ ಕಿವಿಯ ಗೂಡಿನ ಮುಂಭಾಗದ ಉಬ್ಬು, ಪ್ಲೂರೊಡೈರಗಳಲ್ಲಿ ಅಂಗುಳಿನ ಕಡೆಯ ಟೆರಿಗಾಯ್ಡ್ ಮೂಳೆಯ ಚಾಚು.

ಒಂದೇ ಲಕ್ಷಣ ಹಿಡಿದು ತೀರ್ಮಾನಕ್ಕೆ ಬರಬೇಡಿ. ಜರ್ಮನಿಯ ಟ್ರಯಾಸಿಕ್ ಕಾಲದ (ಡೈನೋಸಾರ್ ಯುಗದ ಮೊದಲ ಭಾಗದ) ಪ್ರೊಟೆರೊಕೆರ್ಸಿಸ್ ಅನ್ನುವ ಆಮೆಯ ಸೊಂಟವೂ ಚಿಪ್ಪಿಗೆ ಬೆಸೆದಿತ್ತು. ಅದಕ್ಕೇ ಅದನ್ನು ಬಹಳ ಕಾಲ ಪ್ಲೂರೊಡೈರ ಅನ್ನುತ್ತಿದ್ದರು. ಉಳಿದ ಲಕ್ಷಣಗಳನ್ನೂ ಸೇರಿಸಿ ನೋಡಿದ ಮೇಲೆ ಈಗ ಅದನ್ನು ಎರಡೂ ಪಂಗಡ ಕವಲೊಡೆಯುವುದಕ್ಕಿಂತ ಮುಂಚಿನ ಬುಡದ ಆಮೆ ಅಂತ ಇಡುತ್ತಾರೆ. ಹೊಟ್ಟೆಚಿಪ್ಪಿನ ನಡುವಿನ ಮೆಸೊಪ್ಲಾಸ್ಟ್ರನ್ ಮೂಳೆಯೂ ಹಾಗೆಯೇ. ಹಲವು ಪ್ಲೂರೊಡೈರಗಳಲ್ಲಿದೆ ನಿಜ, ತೀರ ಹಳೆಯ ಆಮೆಗಳಲ್ಲೂ ಇದೆ.

ಪ್ಲೂರೊಡೈರ ಅಂತ ಖಾತ್ರಿಯಾದರೆ ಒಂದು ಮೆಟ್ಟಿಲು ಕೆಳಗೆ ಇಳಿಯಿರಿ. ನ್ಯೂಕಲ್ ಮೇಲೆ, ಕತ್ತಿನ ನೇರಕ್ಕೆ, ಪುಟ್ಟ ಸರ್ವೈಕಲ್ ಸ್ಕ್ಯೂಟಿನ ತೋಡುಗಳಿವೆಯಾ? ಇಲ್ಲದಿದ್ದರೆ ಪೆಲೊಮೆಡುಸಾಯ್ಡ್ ಗುಂಪಿನ ಕಡೆ ಹೋಗುತ್ತದೆ. ಅದರೊಳಗಿನ ಕುಟುಂಬ ಹೇಳಲು ತಲೆಬುರುಡೆಯೇ ಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಉದಾಹರಣೆಗೆ ಅಳಿದುಹೋದ ಬೋತ್ರೆಮಿಡಿಡೇ ಕುಟುಂಬದ ಮುಖ್ಯ ಗುರುತುಗಳಲ್ಲೊಂದು ಬುರುಡೆಯ ಹಿಂದೆ ಕ್ವಾಡ್ರೇಟ್ ಮತ್ತು ಎಕ್ಸಾಕ್ಸಿಪಿಟಲ್ ಮೂಳೆಗಳು ಒಂದಕ್ಕೊಂದು ತಾಗುವುದು. ಚಿಪ್ಪಿನ ನಾಲ್ಕು ತುಂಡು ಇಟ್ಟುಕೊಂಡು ಇದನ್ನು ಹೇಳಲು ಬರುವುದಿಲ್ಲ.

## ಹಂತ 6: ಮರಿಯೋ, ಗಂಡೋ, ಜಜ್ಜಿಹೋದದ್ದೋ?

"ಹೊಸ ಪ್ರಭೇದ"ಗಳು ಜಾಸ್ತಿ ಹುಟ್ಟುವುದು ಈ ಹಂತ ಬಿಟ್ಟವರಿಂದ.

ಮರಿಗಳಲ್ಲಿ ಕಾಸ್ಟಲ್ಲಿಗೂ ಪೆರಿಫೆರಲ್ಲಿಗೂ ನಡುವೆ ಮೂಳೆ ತುಂಬದ ಕಿಟಕಿಗಳು ಇರುತ್ತವೆ. ಬೆಳೆದಂತೆ ಬಹಳಷ್ಟು ಆಮೆಗಳಲ್ಲಿ ಮುಚ್ಚಿಕೊಳ್ಳುತ್ತವೆ, ಕಡಲಾಮೆಗಳಲ್ಲಿ ದೊಡ್ಡದಾದರೂ ಉಳಿಯಬಹುದು. ಕಿಟಕಿ ಇದೆ ಅನ್ನುವುದನ್ನೇ ಹೊಸ ಲಕ್ಷಣ ಅನ್ನಬೇಡಿ. ತೀರ ಮುದಿ ಆಮೆಯಲ್ಲಿ ಉಲ್ಟಾ, ಬೆಸುಗೆಗಳೇ ಮಾಸಿಹೋಗಿರುತ್ತವೆ.

ಗಂಡಿನ ಹೊಟ್ಟೆಚಿಪ್ಪು ಹಲವು ಪ್ರಭೇದಗಳಲ್ಲಿ ಒಳಗೆ ತಗ್ಗಾಗಿರುತ್ತದೆ, ಹಿಂದಿನ ಕಚ್ಚಿನ ಆಕಾರವೂ ಹೆಣ್ಣಿಗಿಂತ ಬೇರೆ. ವ್ಯತ್ಯಾಸ ಎಷ್ಟರ ಮಟ್ಟಿಗೆ ಹೋಗಬಹುದು ಅಂದರೆ ದಕ್ಷಿಣ ಅಮೆರಿಕದ ದೈತ್ಯ ಆಮೆ ಸ್ಟುಪೆಂಡೆಮಿಸ್ ಜಿಯೋಗ್ರಾಫಿಕಾ ನೋಡಿ. ಸುಮಾರು 2.4 ಮೀಟರ್ ಉದ್ದದ ಚಿಪ್ಪು. ಕೆಲವು ಚಿಪ್ಪುಗಳ ಮುಂದೆ ಕತ್ತಿನ ಎರಡೂ ಪಕ್ಕ ಕೊಂಬಿನಂಥ ಚಾಚು, ಕೆಲವಕ್ಕೆ ಇಲ್ಲ. 2020ರಲ್ಲಿ ಪ್ರಕಟವಾದ ಅಧ್ಯಯನ ಕೊಂಬಿನವು ಗಂಡು ಅಂತ ಹೇಳಿತು. ಒಂದೊಂದೇ ಚಿಪ್ಪು ಬೇರೆ ಬೇರೆಯವರ ಕೈಗೆ ಸಿಕ್ಕಿದ್ದರೆ ಎರಡು ಪ್ರಭೇದ ಆಗಿಬಿಡುತ್ತಿತ್ತೇನೋ.

ಒಂದು ಹೆಚ್ಚು ಸ್ಕ್ಯೂಟ್, ಒಂದು ಕಮ್ಮಿ ನ್ಯೂರಲ್, ಇಂಥವು ಬದುಕಿರುವ ಆಮೆಗಳಲ್ಲೂ ಆಗಾಗ ಕಾಣುತ್ತವೆ. ಎಡಗಡೆ ಇದ್ದು ಬಲಗಡೆ ಇಲ್ಲದ ಲಕ್ಷಣವನ್ನು ಪ್ರಭೇದದ ಲಕ್ಷಣ ಅನ್ನಲೇಬಾರದು. ಚಿಪ್ಪು ಚಪ್ಪಟೆಯಾಗಿದೆ, ಅಗಲವಾಗಿದೆ ಅನ್ನುವ ಮುಂಚೆ ಮೇಲಿನ ಕಲ್ಲಿನ ಭಾರಕ್ಕೆ ಜಜ್ಜಿಹೋಗಿದೆಯಾ ನೋಡಿ. ಉದ್ದುದ್ದ ಬಿರುಕು, ಒಂದರ ಮೇಲೊಂದು ಏರಿದ ಫಲಕ, ಒಂದೇ ಪಕ್ಕಕ್ಕೆ ವಾಲಿದ ಆಕಾರ, ಇವು ಅದರ ಸುಳಿವು.

## ಹಂತ 7: ಹೋಲಿಕೆ ಪಟ್ಟಿ

ಒಂದು ದೊಡ್ಡ ಹಾಳೆಯಲ್ಲೋ ಎಕ್ಸೆಲ್‌ನಲ್ಲೋ ಎಡಕ್ಕೆ ಲಕ್ಷಣಗಳು, ಮೇಲೆ ಆ ಗುಂಪಿನ ಗೊತ್ತಿರುವ ಪ್ರಭೇದಗಳು. ಪಟ್ಟಿಯ ಪ್ರತಿ ಚೌಕವನ್ನೂ ಮೂಲ ವರ್ಣನೆ ಓದಿ ತುಂಬಿ.

ಯಾವ ಪ್ರಭೇದಗಳನ್ನು ಸೇರಿಸಬೇಕು ಅನ್ನುವುದರಲ್ಲಿ ಈಗಿನ ಭೂಪಟ ನೋಡಬೇಡಿ, ಆಗಿನದು ನೋಡಿ. ಭಾರತ ಮಡಗಾಸ್ಕರ್‌ನಿಂದ ಬಿಟ್ಟುಕೊಂಡದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ. ತಮಿಳುನಾಡಿನ ಅರಿಯಲೂರು ಕಡೆಯ ಕಲ್ಲಮೇಡು ಪದರಗಳಿಂದ 2001ರಲ್ಲಿ ಕುರ್ಮಾಡೆಮಿಸ್ ಕಲ್ಲಮೆಡೆನ್ಸಿಸ್ ಅನ್ನುವ ಆಮೆ ಬಂತು. ಮುಂಬೈನ ಲಾವಾ ನಡುವಿನ ಪದರಗಳಿಂದ 2003ರಲ್ಲಿ ಸಂಕುಚೆಮಿಸ್ ಸೇಥ್ನಾಯ್. 2009ರಲ್ಲಿ ಇವುಗಳ ಹತ್ತಿರದ ನೆಂಟನಾಗಿ ಕಿಂಕೊನಿಕೆಲಿಸ್ ಸಿಕ್ಕಿದ್ದು ಮಡಗಾಸ್ಕರ್‌ನಲ್ಲಿ. ಹಾಗಾಗಿ ಭಾರತದ ಕ್ರಿಟೇಷಿಯಸ್ ಆಮೆಗೆ ಮಡಗಾಸ್ಕರ್, ಆಫ್ರಿಕಾ, ದಕ್ಷಿಣ ಅಮೆರಿಕದ ಕಾಲಂ ಇಲ್ಲದ ಪಟ್ಟಿ ಅರೆಬರೆ.

ಒಂದೇ ಜಾಗದ ಹಳೆಯ ಹೆಸರುಗಳನ್ನು ಮರೆಯಬೇಡಿ. ಮುಂಬೈಯದ್ದೇ ಇನ್ನೊಂದು ಆಮೆಯನ್ನು 1852ರಲ್ಲೇ ವರ್ಣಿಸಿದ್ದರು, ಈಗ ಅದರ ಹೆಸರು ಕಾರ್ಟರೆಮಿಸ್ ಲೀಥಿ. ಅಲ್ಲಿ ಈಗ ಏನು ಸಿಕ್ಕಿದರೂ ಎರಡಕ್ಕೂ ಹೋಲಿಸಬೇಕು. ಮಹಾರಾಷ್ಟ್ರದ ಪಿಸ್ದುರಾದ ಆಮೆಯನ್ನು 1977ರಲ್ಲಿ ಇದೇ ಕಾರ್ಟರೆಮಿಸ್ ಕುಲಕ್ಕೆ (ಹತ್ತಿರದ ಪ್ರಭೇದಗಳ ಗುಂಪು, ಹೆಸರಿನ ಮೊದಲ ಪದ) ಸೇರಿಸಿದ್ದರು. 2020ರಲ್ಲಿ ಮಾದರಿಗಳನ್ನು ಮತ್ತೆ ಕೂತು ನೋಡಿ ಜೈನೆಮಿಸ್ ಅನ್ನುವ ಬೇರೆ ಕುಲ ಮಾಡಿದರು. ಅಂದರೆ ಪಟ್ಟಿಯನ್ನು ಹಳೆಯ ಪುಸ್ತಕದಿಂದ ಮಾತ್ರ ತುಂಬಿದರೆ ಕುಲದ ಹೆಸರೇ ತಪ್ಪಿರಬಹುದು.

ಒಂದು ಪ್ರಭೇದಕ್ಕೆ ಬುರುಡೆ ಮಾತ್ರ ಸಿಕ್ಕಿದೆ, ನಿಮ್ಮ ಬಳಿ ಚಿಪ್ಪು ಮಾತ್ರ ಇದೆ, ಎರಡೂ ಒಂದೇ ಪದರದವು ಅಂದಾಗ ಹೋಲಿಸಲು ಏನೂ ಇಲ್ಲ. ಹೋಲಿಸಲು ಆಗಲಿಲ್ಲ ಅನ್ನುವುದು ಬೇರೆ ಪ್ರಭೇದ ಅನ್ನುವುದಕ್ಕೆ ಆಧಾರ ಅಲ್ಲ. ಇಂಥಲ್ಲಿ ಹೆಸರಿಡದೆ ತಡೆಯಿರಿ. ಸಾಧ್ಯವಾದರೆ ಮೂಲ ಮಾದರಿ ಇರುವ ಮ್ಯೂಸಿಯಮ್ಮಿಗೇ ಹೋಗಿ ನೋಡಿ. ಹಳೆಯ ಚಿತ್ರಗಳಲ್ಲಿ ಊಹೆಯ ಗೆರೆಯನ್ನೂ ಪೂರ್ತಿ ಗೆರೆಯಾಗಿ ಎಳೆದಿರುವುದುಂಟು.

## ಹಂತ 8: ವಂಶವೃಕ್ಷದಲ್ಲಿ ಕೂರಿಸುವುದು

ಹೊಸದಾಗಿ ಲಕ್ಷಣಗಳ ಪಟ್ಟಿ ಸೃಷ್ಟಿಸಬೇಡಿ. ಆ ಗುಂಪಿನ ಮೇಲೆ ಈಚೆಗೆ ಪ್ರಕಟವಾದ ಮ್ಯಾಟ್ರಿಕ್ಸ್, ಅಂದರೆ ಪ್ರತಿ ಪ್ರಭೇದದ ಲಕ್ಷಣಗಳನ್ನು ಸೊನ್ನೆ, ಒಂದು ಅಂತ ಅಂಕೆಗಳಲ್ಲಿ ಬರೆದ ಕೋಷ್ಟಕ, ತೆಗೆದುಕೊಂಡು ನಿಮ್ಮ ಮಾದರಿಯನ್ನು ಒಂದು ಸಾಲಾಗಿ ಸೇರಿಸಿ. ಮೆಸ್ಕೀಟ್ ತಂತ್ರಾಂಶದಲ್ಲಿ ತುಂಬಿ, ವಂಶವೃಕ್ಷ ಹುಡುಕುವ ಟಿಎನ್‌ಟಿ ತಂತ್ರಾಂಶದಲ್ಲಿ ಓಡಿಸಬಹುದು, ಎರಡೂ ಉಚಿತ. ಕಾಣದ ಲಕ್ಷಣಕ್ಕೆ ಪ್ರಶ್ನೆ ಚಿಹ್ನೆ ಹಾಕಿ. "ಇದ್ದಿರಬೇಕು" ಅಂತ ಸೊನ್ನೆಯೋ ಒಂದೋ ಹಾಕುವುದು ಸುಮ್ನೆ ಮೋಸ. ಇಲ್ಲದ್ದಕ್ಕೂ ಕಾಣದ್ದಕ್ಕೂ ವ್ಯತ್ಯಾಸ ಇದೆ, ಮೂಳೆ ಮುರಿದುಹೋಗಿದ್ದರೆ ಆ ಮೂಳೆ ಇರಲಿಲ್ಲ ಅಂತ ಬರೆಯಬಾರದು.

ಫಲಿತಾಂಶ ಬಂದ ಮೇಲೆ ಒಂದೇ ಚೆಂದದ ಮರವನ್ನು ಆರಿಸಿ ತೋರಿಸಬೇಡಿ. ಸಮಾನವಾಗಿ ಒಳ್ಳೆಯ ಮರಗಳೆಲ್ಲ ಒಪ್ಪುವ ಸ್ಟ್ರಿಕ್ಟ್ ಕನ್ಸೆನ್ಸಸ್ ಕೊಡಿ, ಪ್ರತಿ ಕವಲು ಎಷ್ಟು ಗಟ್ಟಿ ಅಂತ ಹೇಳುವ ಬೂಟ್‌ಸ್ಟ್ರ್ಯಾಪ್ ಅಥವಾ ಬ್ರೆಮರ್ ಅಂಕೆಗಳನ್ನೂ ಕೊಡಿ. ನಿಮಗೆ ಅನುಮಾನವಿದ್ದ ಒಂದೆರಡು ಲಕ್ಷಣಗಳನ್ನು ಬದಲಿಸಿ ಮತ್ತೆ ಓಡಿಸಿ. ಆಮೆ ಒಂದು ಕುಟುಂಬದಿಂದ ಇನ್ನೊಂದಕ್ಕೆ ಹಾರಿದರೆ ನಿಮ್ಮ ವರ್ಗೀಕರಣ ಇನ್ನೂ ಗಟ್ಟಿಯಾಗಿಲ್ಲ, ಹಾಗಂತಲೇ ಬರೆಯಿರಿ.

## ಹಂತ 9: ಹೊಸದು ಅನ್ನುವ ತೀರ್ಮಾನ

ಪಟ್ಟಿಯಲ್ಲಿ ಬೇರೆ ಯಾವುದರಲ್ಲೂ ಇಲ್ಲದ ಒಂದಾದರೂ ಲಕ್ಷಣ, ಅಥವಾ ಬೇರೆಲ್ಲೂ ಒಟ್ಟಿಗೆ ಸಿಗದ ಲಕ್ಷಣಗಳ ಗುಂಪು ಬೇಕು. ಅದು ವಯಸ್ಸು, ಲಿಂಗ, ಜಜ್ಜುವಿಕೆಯಿಂದ ಬಂದದ್ದಲ್ಲ ಅಂತ ವಿವರಿಸಲು ಆಗಬೇಕು. ಗಾತ್ರ ಒಂದರಿಂದಲೇ, ಸಿಕ್ಕ ಜಾಗ ಹೊಸದು ಅನ್ನುವುದರಿಂದಲೇ ಪ್ರಭೇದ ಹೊಸದಾಗುವುದಿಲ್ಲ.

ಇಷ್ಟು ಇಲ್ಲದಿದ್ದರೆ ನಾಚಿಕೆ ಪಡದೆ "ಪೆಲೊಮೆಡುಸಾಯ್ಡ್, ಪ್ರಭೇದ ನಿರ್ಧಾರವಾಗಿಲ್ಲ" ಅಂತ ಬರೆಯಿರಿ. ಅಂಥ ವರದಿಗೂ ಬೆಲೆ ಇದೆ, ಆ ಕಾಲದಲ್ಲಿ ಆ ಜಾಗದಲ್ಲಿ ಯಾವ ಗುಂಪಿನ ಆಮೆ ಇತ್ತು ಅನ್ನುವುದು ಅದರಿಂದ ಗೊತ್ತಾಗುತ್ತದೆ. ದುರ್ಬಲ ಮಾದರಿಗೆ ಇಟ್ಟ ಹೆಸರು ಮಾತ್ರ ಮುಂದೆ ಬರುವವರಿಗೆ ದೊಡ್ಡ ತಲೆನೋವು. ಯಾವುದಕ್ಕೂ ಹೋಲಿಸಲು ಬಾರದ ಆ ಹೆಸರನ್ನು ತೆಗೆಯಲೂ ಆಗದೆ ಬಳಸಲೂ ಆಗದೆ ದಶಕಗಟ್ಟಲೆ ಎಳೆದಾಡುತ್ತಾರೆ.

## ಹಂತ 10: ಹೆಸರು, ಮಾದರಿ, ಪ್ರಕಟಣೆ

ಮೊದಲು ಮಾದರಿ ಸಾರ್ವಜನಿಕ ಸಂಗ್ರಹಕ್ಕೆ ಸೇರಬೇಕು, ಮ್ಯೂಸಿಯಮ್ಮೋ ವಿಶ್ವವಿದ್ಯಾಲಯವೋ, ಯಾರು ಬೇಕಾದರೂ ಹೋಗಿ ಕೇಳಿ ನೋಡುವಂಥ ಕಡೆ. ಸಂಗ್ರಹ ಸಂಖ್ಯೆ ಸಿಕ್ಕಿದ ಮೇಲೆ ಲೇಖನ. ಮನೆಯ ಶೋಕೇಸಿನಲ್ಲಿರುವ ಚಿಪ್ಪಿನ ಮೇಲೆ ಹೆಸರು ಕಟ್ಟುವುದನ್ನು ಒಳ್ಳೆಯ ಪತ್ರಿಕೆಗಳು ಒಪ್ಪುವುದಿಲ್ಲ.

ಪ್ರಾಣಿಗಳ ಹೆಸರಿಗೆ ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಸದ್ಯ ನಡೆಯುತ್ತಿರುವುದು 2000ದಿಂದ ಜಾರಿಯಲ್ಲಿರುವ ನಾಲ್ಕನೇ ಆವೃತ್ತಿ. ಅದರ ಪ್ರಕಾರ ಇದು ಹೊಸ ಪ್ರಭೇದ ಅಂತ ಸ್ಪಷ್ಟವಾಗಿ ಬರೆದಿರಬೇಕು, ಬೇರೆಯವುಗಳಿಂದ ಪ್ರತ್ಯೇಕಿಸುವ ಲಕ್ಷಣಗಳನ್ನು ಮಾತಿನಲ್ಲಿ ಕೊಡಬೇಕು, ಹೆಸರನ್ನು ಹೊರುವ ಮಾದರಿ, ಅಂದರೆ ಹೋಲೊಟೈಪ್, ಯಾವುದು ಅಂತ ಹೇಳಿರಬೇಕು. ಹೋಲೊಟೈಪ್ ಒಂದೇ ಪ್ರಾಣಿಯದ್ದಾಗಿರಲಿ. ಹತ್ತು ಕಡೆ ಆಯ್ದ ತುಂಡು ಸೇರಿಸಿದರೆ ಅದರಲ್ಲಿ ಎರಡು ಪ್ರಭೇದ ಕಲಸಿರಬಹುದು. ಆನ್‌ಲೈನ್‌ನಲ್ಲಿ ಮಾತ್ರ ಬರುವ ಪತ್ರಿಕೆಯಾದರೆ 2012ರ ತಿದ್ದುಪಡಿಯಂತೆ ಪ್ರಾಣಿ ಹೆಸರುಗಳ ಆನ್‌ಲೈನ್ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಾಯಿಸಿ, ನೋಂದಾಯಿಸಿದ್ದನ್ನು ಲೇಖನದೊಳಗೇ ತೋರಿಸಬೇಕು.

ಹೆಸರು ಮೊದಲೇ ಬಳಕೆಯಾಗಿದೆಯಾ ಅಂತ ಹುಡುಕಿ. ಮುಂಬೈನ ಆ 1852ರ ಆಮೆಗೆ ಮೊದಲು ಇಟ್ಟಿದ್ದ ಹೆಸರು ಟೆಸ್ಟುಡೊ ಲೀಥಿ. 1869ರಲ್ಲಿ ಈಜಿಪ್ಟಿನ ಪುಟ್ಟ ನೆಲದಾಮೆಗೂ ಬೇರೊಬ್ಬರು ಅದೇ ಹೆಸರಿಟ್ಟರು. ಪಳೆಯುಳಿಕೆಯ ಹೆಸರು ಮೊದಲಿನದಾದ್ದರಿಂದ ಬದುಕಿರುವ ಆಮೆ ತನ್ನ ಹೆಸರು ಬಿಡಬೇಕಾಯಿತು. ಇವತ್ತು ಅದು ಟೆಸ್ಟುಡೊ ಕ್ಲೈನ್‌ಮನ್ನಿ. ಪಳೆಯುಳಿಕೆಗಳ ಪಟ್ಟಿ, ಬದುಕಿರುವವುಗಳ ಪಟ್ಟಿ ಎರಡನ್ನೂ ನೋಡಬೇಕು ಅನ್ನುವುದು ಇದಕ್ಕೇ.

ವ್ಯಾಕರಣವೂ ಸರಿ ಇರಲಿ. ಎಮಿಸ್, ಕೆಲಿಸ್ ಅಂತ ಕೊನೆಯಾಗುವ ಕುಲದ ಹೆಸರು ಸ್ತ್ರೀಲಿಂಗ, ವಿಶೇಷಣವೂ ಅದಕ್ಕೆ ಹೊಂದಬೇಕು. ಗೋದಾವರಿ ಕಣಿವೆಯ ಜುರಾಸಿಕ್ ಆಮೆ ಇಂಡೊಕೆಲಿಸ್ ಸ್ಪ್ಯಾಟುಲೇಟಾ, ಸ್ಪ್ಯಾಟುಲೇಟಸ್ ಅಲ್ಲ.

ಲೇಖನ ಬರುವ ಮುಂಚೆ ಹೆಸರನ್ನು ವಾಟ್ಸ್ಯಾಪ್ ಗುಂಪಿಗೂ ಪತ್ರಕರ್ತರಿಗೂ ಕೊಡಬೇಡಿ. ವರ್ಣನೆ ಇಲ್ಲದೆ ಓಡಾಡುವ ಹೆಸರಿಗೆ ನಿಯಮದಲ್ಲಿ ಜಾಗವಿಲ್ಲ.

## ಸಲಹೆ ಕೇಳಲು ಫೋಟೋ ಕಳಿಸುವಾಗ

ಆಮೆ ಪಳೆಯುಳಿಕೆ ಬಲ್ಲವರು ನಮ್ಮ ದೇಶದಲ್ಲಿ ತುಂಬಾ ಜನ ಇಲ್ಲ, ಅವರ ಸಮಯ ಉಳಿಸಿ. ಮೇಲಿನಿಂದ, ಕೆಳಗಿನಿಂದ, ಎರಡೂ ಪಕ್ಕದಿಂದ, ಮುಂದೆ ಹಿಂದೆಯಿಂದ ಒಂದೊಂದು ಫೋಟೋ, ಎಲ್ಲದರಲ್ಲೂ ಅಳತೆ ಪಟ್ಟಿ. ಒಳಮೈ ಕಾಣುವುದಾದರೆ ಅದರದ್ದು ಕಡ್ಡಾಯ. ಪಕ್ಕದಿಂದ ಬೆಳಕು ಬಿಟ್ಟು ತೆಗೆದ ಎರಡು ಫೋಟೋ, ಕೆಂಪು ನೀಲಿ ಗೆರೆಯ ನಿಮ್ಮ ಟ್ರೇಸಿಂಗ್, ಪದರದ ಫೋಟೋ ಮತ್ತು ಟಿಪ್ಪಣಿ. ಜಾಗದ ಜಿಪಿಎಸ್ ಅಂಕೆಯನ್ನು ತಜ್ಞರಿಗೆ ಮಾತ್ರ ಕೊಡಿ, ಎಲ್ಲರೂ ನೋಡುವ ಕಡೆ ಹಾಕಬೇಡಿ. ಹಾಕಿದರೆ ಉಳಿದ ಮೂಳೆಗಳನ್ನು ಮಾರುವವರು ಮುಂದಿನ ವಾರವೇ ಬಂದು ಅಗೆದುಕೊಂಡು ಹೋಗುತ್ತಾರೆ.